ಜಮುನಾಪಾರಿ ಮೇಕೆ: ಹೆಸರು ಲೋಕಕ್ಕೆಲ್ಲ, ತವರಲ್ಲಿ ಬೀಜದ ಹೋತಕ್ಕೇ ಬರ

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಮೇಕೆ ಹಾಲಿನ ಪುಡಿ ಮಾರುತ್ತಾರೆ. ಎಷ್ಟೋ ಪ್ಯಾಕೆಟ್‌ಗಳ ಮೇಲೆ 'ಎತಾವಾ' ಎಂದು ಬರೆದಿರುತ್ತದೆ. ಅದು ನಮ್ಮ ಉತ್ತರ ಪ್ರದೇಶದ ಇಟಾವಾ ಜಿಲ್ಲೆ. ಡಚ್ಚರು ಜಾವಾ ಆಳುತ್ತಿದ್ದಾಗ, 20ನೇ ಶತಮಾನದ ಶುರುವಿನಲ್ಲಿ, ಇಟಾವಾ ಸೀಮೆಯ ಮೇಕೆಗಳನ್ನು ಹಡಗಿನಲ್ಲಿ ಅಲ್ಲಿಗೆ ಒಯ್ದರು. ಅಲ್ಲಿನ ಸಣ್ಣ ಗಾತ್ರದ ಕಾಚಾಂಗ್ ಮೇಕೆಯ ಜೊತೆ ಕೂಡಿಸಿ ಪೆರಾನಾಕನ್ ಎತಾವಾ ಎಂಬ ತಳಿ ಮಾಡಿಕೊಂಡರು. ಇವತ್ತು ಅಲ್ಲಿ ಹಾಲಿಗೆ ಸಾಕುವ ಮುಖ್ಯ ಮೇಕೆ ಅದೇ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದವರೆಗೆ ಹರಡಿದ ಆಂಗ್ಲೋ-ನ್ಯೂಬಿಯನ್ ತಳಿಯಲ್ಲೂ ಇಟಾವಾ ಮೇಕೆಯ ರಕ್ತ ಇದೆ. ಅದರ ಜೋಲು ಕಿವಿ, ಉಬ್ಬು ಮೂಗು ನೋಡಿದವರಿಗೆ ಈ ನಂಟನ್ನು ಬೇರೆ ಹೇಳಬೇಕಾಗಿಲ್ಲ.

ಈ ಮೇಕೆಯೇ ಜಮುನಾಪಾರಿ. ನಮ್ಮ ಕರ್ನಾಟಕದಲ್ಲೂ ಮೇಕೆ ಸಾಕುವವರಿಗೆ ಚೆನ್ನಾಗಿ ಗೊತ್ತಿರುವ ಹೆಸರು. ಹಾಲಿಗೂ ಸೈ, ಮೈಕಟ್ಟಿಗೂ ಸೈ ಎಂದು ಹೊಗಳುವ ವಿಡಿಯೊಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಇಷ್ಟು ಹೆಸರಿರುವ ತಳಿ ಅಪರೂಪ ಹೇಗಾದೀತು ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ? ಆದರೆ ತವರಾದ ಇಟಾವಾ ಜಿಲ್ಲೆಯ ಚಕರನಗರ ಸೀಮೆಯಲ್ಲಿ ಶುದ್ಧ ಜಮುನಾಪಾರಿ ಕೆಲವೇ ಸಾವಿರಕ್ಕೆ ಇಳಿದಿದೆ ಎಂದು ಸಂಶೋಧಕರು ದಶಕಗಳಿಂದ ಎಚ್ಚರಿಸುತ್ತಿದ್ದಾರೆ. ಹಾಗಂತ ದೇಶದಲ್ಲಿ ಮೇಕೆಗಳೇನೂ ಕಮ್ಮಿಯಾಗಿಲ್ಲ. 2019ರ ಜಾನುವಾರು ಗಣತಿಯಲ್ಲಿ 14.88 ಕೋಟಿ ಮೇಕೆಗಳಿದ್ದವು. ಅದರ ಹಿಂದಿನ ಗಣತಿಗಿಂತ ಇದು ಶೇ 10ರಷ್ಟು ಜಾಸ್ತಿ.

ಮೇಕೆಗಳು ಹೆಚ್ಚುತ್ತಿರುವ ದೇಶದಲ್ಲಿ ಅತ್ಯಂತ ಹೆಸರುವಾಸಿ ಹಾಲಿನ ಮೇಕೆ ಕರಗುತ್ತಿದೆ. ಇದಕ್ಕೆ ಕಾರಣ ರೋಗವೂ ಅಲ್ಲ, ಬರವೂ ಅಲ್ಲ. ನಾನು ಅರ್ಥಮಾಡಿಕೊಂಡಂತೆ ಕಾರಣ ಎರಡು. ಹಾಲಿಗೆ ಬೆಲೆ ಇಲ್ಲದಿರುವುದು ಮೊದಲನೆಯದು. ಒಳ್ಳೆಯ ಹೋತಗಳು ಊರು ಬಿಟ್ಟು ಹೋಗುವುದು ಎರಡನೆಯದು. ಎರಡನ್ನೂ ಬಿಡಿಸಿ ನೋಡುವ ಮೊದಲು ಈ ಮೇಕೆ ಹುಟ್ಟಿದ ನೆಲವನ್ನು ನೋಡಬೇಕು.

ಕೊರಕಲು ನೆಲದ ಮೇಕೆ

ಇಟಾವಾ ಜಿಲ್ಲೆಯಲ್ಲಿ ಯಮುನಾ ಮತ್ತು ಚಂಬಲ್ ನದಿಗಳು ಅಕ್ಕಪಕ್ಕದಲ್ಲೇ ಹರಿದು ಮುಂದೆ ಒಂದಾಗುತ್ತವೆ. ಅದೇ ಸುತ್ತಿನಲ್ಲಿ ಕ್ವಾರಿ, ಸಿಂಧ್, ಪಹೂಜ್ ನದಿಗಳೂ ಬಂದು ಸೇರುವುದರಿಂದ ಆ ಜಾಗಕ್ಕೆ ಪಂಚನದಾ ಅಂತಾರೆ. ನದಿಗಳ ನಡುವಿನ ನೆಲ ಮೆತ್ತನೆಯ ಮೆಕ್ಕಲು ಮಣ್ಣು. ಸಾವಿರಾರು ವರ್ಷ ಮಳೆನೀರು ಅದನ್ನು ಕೊರೆದು ಕೊರೆದು ಆಳವಾದ ಕೊರಕಲುಗಳನ್ನು ಮಾಡಿದೆ. ಇವಕ್ಕೆ ಅಲ್ಲಿನ ಜನ ಬೀಹಡ್ ಎನ್ನುತ್ತಾರೆ. ಹೊರಗಿನವರಿಗೆ ಬೀಹಡ್ ಎಂದರೆ ಡಕಾಯಿತರ ಕಥೆ. ಅಲ್ಲಿಯವರಿಗೆ ಅದು ಮೇವಿನ ಕಾಡು.

ಅಲ್ಲಿ ಬೆಳೆಯುವುದು ಮುಳ್ಳಿನ ಗಿಡಮರಗಳೇ. ಕರಿಜಾಲಿ, ಬನ್ನಿ, ಬಾರೆ, ಜೊತೆಗೆ ಹೊರಗಿನಿಂದ ಬಂದು ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿ. ನಮ್ಮ ಬಳ್ಳಾರಿ, ರಾಯಚೂರು ಕಡೆಯವರಿಗೆ ಈ ಗಿಡಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಸು, ಎಮ್ಮೆಗೆ ಇಲ್ಲಿ ಹೊಟ್ಟೆ ತುಂಬುವುದು ಕಷ್ಟ. ಆದರೆ ಮೇಕೆ ಹುಲ್ಲಿಗಿಂತ ಸೊಪ್ಪು, ಚಿಗುರು, ಕಾಯಿಗಳನ್ನೇ ಇಷ್ಟಪಡುವ ಪ್ರಾಣಿ. ಜಾಲಿಕಾಯಿಯಲ್ಲಿ, ಬನ್ನಿ ಸೊಪ್ಪಿನಲ್ಲಿ ಸಾರ ಚೆನ್ನಾಗಿರುತ್ತದೆ. ಅದನ್ನು ತಲುಪಲು ಉದ್ದ ಕಾಲು ಬೇಕು, ಹಿಂಗಾಲ ಮೇಲೆ ನಿಂತು ಕೊಂಬೆ ಎಳೆಯುವ ಕಸುವು ಬೇಕು, ಕೊರಕಲು ಹತ್ತಿ ಇಳಿದು ದಿನವಿಡೀ ನಡೆಯುವ ತಾಕತ್ತು ಬೇಕು.

ಜಮುನಾಪಾರಿಯ ಮೈ ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಉದ್ದ ಕಾಲು, ಎತ್ತರದ ಮೈ. ಬಣ್ಣ ಸಾಮಾನ್ಯವಾಗಿ ಬಿಳಿ, ಕೆಲವಕ್ಕೆ ಕುತ್ತಿಗೆ ಮತ್ತು ಕಿವಿಯ ಮೇಲೆ ಕಂದು ಮಚ್ಚೆ. ಮೂಗಿನ ಮೂಳೆ ಎಷ್ಟು ಉಬ್ಬಿರುತ್ತದೆ ಎಂದರೆ ಪಕ್ಕದಿಂದ ನೋಡಿದರೆ ಗಿಳಿಯ ಕೊಕ್ಕಿನ ಹಾಗೆ ಕಾಣುತ್ತದೆ. ಅದರ ಮೇಲೊಂದು ಕೂದಲಿನ ಕುಚ್ಚು. ಕಿವಿಗಳು ಒಂದು ಗೇಣಿಗೂ ಮೀರಿ ಉದ್ದ, ಮಡಚಿಕೊಂಡು ಜೋತಾಡುತ್ತವೆ. ಹಿಂತೊಡೆಯ ಮೇಲೆ ಉದ್ದ ಕೂದಲು. ಕೆಚ್ಚಲು ದೊಡ್ಡದು, ತೊಟ್ಟುಗಳು ಕೈಗೆ ಸಿಗುವಷ್ಟು ಉದ್ದ, ಹಾಗಾಗಿ ಕರೆಯುವುದು ಸುಲಭ. ಬೆಳೆದ ಹೆಣ್ಣು ಮೇಕೆ ಸುಮಾರು 40 ಕೆ.ಜಿ. ತೂಗುತ್ತದೆ. ಚೆನ್ನಾಗಿ ಮೇಯಿಸಿದ ಹೋತಗಳು ಇದನ್ನು ಮೀರಿ ಬೆಳೆಯುತ್ತವೆ.

ಹಾಲು ದಿನಕ್ಕೆ ಒಂದರಿಂದ ಎರಡು ಲೀಟರ್, ಒಳ್ಳೆಯ ಮೇಕೆಯಾದರೆ ಇನ್ನೂ ಜಾಸ್ತಿ. ಆರು ತಿಂಗಳಿಗೂ ಮೀರಿ ಕೊಡುತ್ತದೆ. ಯುರೋಪಿನ ಸಾನೆನ್ ತಳಿಯ ಮುಂದೆ ಇದು ಕಮ್ಮಿ ಅನಿಸಬಹುದು. ಆದರೆ ಸಾನೆನ್‌ಗೆ ತಂಪು ಹವೆ, ಹಿಂಡಿ, ಕೊಟ್ಟಿಗೆ ಎಲ್ಲ ಬೇಕು. ಜಮುನಾಪಾರಿ 45 ಡಿಗ್ರಿ ಬಿಸಿಲಿನಲ್ಲಿ ಮುಳ್ಳಿನ ಕಾಡು ಮೇಯ್ದು ಬಂದು ಹಾಲು ಕೊಡುತ್ತದೆ. ಭೂಮಿಯೇ ಇಲ್ಲದ ಕುಟುಂಬಕ್ಕೆ ಖರ್ಚಿಲ್ಲದೆ ಸಿಗುವ ಹಾಲು ಅದು. ನನಗೆ ಈ ತಳಿಯ ಬಗ್ಗೆ ಇಷ್ಟೊಂದು ಅಕ್ಕರೆ ಇರುವುದಕ್ಕೆ ಇದೇ ಕಾರಣ.

ಒಂದು ತಳಿ ತಳಿಯಾಗಿ ನಿಲ್ಲುವುದಕ್ಕೆ ಒಂಟಿತನವೂ ಬೇಕು. ಬೇರೆ ಕಡೆಯ ಹೋತಗಳು ಸುಲಭವಾಗಿ ಬಂದು ಬೆರೆಯುವಂತಿದ್ದರೆ ನಾಲ್ಕಾರು ತಲೆಮಾರಿನಲ್ಲೇ ಗುರುತು ಅಳಿಸಿ ಹೋಗುತ್ತದೆ. ಚಕರನಗರದ ಸುತ್ತ ನದಿಗಳು, ಕೊರಕಲುಗಳು, ಕೆಟ್ಟ ರಸ್ತೆ. ಡಕಾಯಿತರ ಭಯವೂ ಇತ್ತು. ಜಾನುವಾರು ವ್ಯಾಪಾರಿಗಳ ಓಡಾಟ ಅಲ್ಲಿ ಬಯಲು ನಾಡಿನಷ್ಟು ಸಲೀಸಾಗಿರಲಿಲ್ಲ. ತಳಿ ಶುದ್ಧವಾಗಿ ಉಳಿಯಲು ಈ ದುರ್ಗಮತೆ ನೆರವಾಗಿರಬೇಕು. ಈಗ ರಸ್ತೆ, ಸೇತುವೆ ಎಲ್ಲ ಆಗಿವೆ. ಜನರಿಗೆ ಅದು ಒಳ್ಳೆಯದೇ. ಆದರೆ ಆ ರಸ್ತೆಯಲ್ಲಿ ಮೇಕೆಗಳೂ ಹೊರಗೆ ಹೋಗುತ್ತವೆ.

ಹಾಲು ಕೊಟ್ಟರೂ ಬೆಲೆ ಮಾಂಸಕ್ಕೇ

ದೇಶದ ಒಟ್ಟು ಹಾಲಿನಲ್ಲಿ ಮೇಕೆ ಹಾಲಿನ ಪಾಲು ಶೇ 3ರ ಆಸುಪಾಸು. ಅದರಲ್ಲೂ ಬಹುಪಾಲು ಮನೆಯಲ್ಲೇ ಖರ್ಚಾಗುತ್ತದೆ, ಇಲ್ಲವೇ ಬೇರೆ ಹಾಲಿನ ಜೊತೆ ಬೆರೆತು ಹೋಗುತ್ತದೆ. ಹಸು, ಎಮ್ಮೆ ಹಾಲಿಗೆ ಊರೂರಿಗೆ ಡೇರಿ ಇದೆ, ಕೊಬ್ಬಿನ ಲೆಕ್ಕಕ್ಕೆ ದುಡ್ಡು ಸಿಗುತ್ತದೆ. ಮೇಕೆ ಹಾಲಿಗೆ ಇಂಥ ವ್ಯವಸ್ಥೆ ಹೆಚ್ಚಿನ ಕಡೆ ಇಲ್ಲವೇ ಇಲ್ಲ. ದೆಹಲಿ ಸುತ್ತ ಡೆಂಗಿ ಹಬ್ಬಿದಾಗ ಮಾತ್ರ ಮೇಕೆ ಹಾಲಿನ ಬೆಲೆ ಗಗನಕ್ಕೇರುತ್ತದೆ. ಅದರಿಂದ ಪ್ಲೇಟ್‌ಲೆಟ್ ಏರುತ್ತದೆ ಎಂಬುದು ಜನರ ನಂಬಿಕೆ. ಇದಕ್ಕೆ ಗಟ್ಟಿ ವೈಜ್ಞಾನಿಕ ಆಧಾರ ಇಲ್ಲ. ಅದು ಬಿಡಿ, ನಾಲ್ಕು ವಾರ ಇದ್ದು ಮಾಯವಾಗುವ ಬೇಡಿಕೆಯನ್ನು ನಂಬಿ ಯಾರೂ ಮೇಕೆ ಸಾಕುವುದಿಲ್ಲ.

ಹಾಲಿಗೆ ಬೆಲೆ ಇಲ್ಲ ಎಂದ ಮೇಲೆ ಸಾಕುವವನ ಕೈಗೆ ದುಡ್ಡು ಬರುವುದು ಮರಿ ಮಾರಿದಾಗ. ಆ ಲೆಕ್ಕದಲ್ಲಿ ಜಮುನಾಪಾರಿ ಹಿಂದೆ ಬೀಳುತ್ತದೆ. ಮೊದಲ ಸೂಲಿಗೆ ಬರಲು ಅದಕ್ಕೆ ಸುಮಾರು ಎರಡು ವರ್ಷ ಬೇಕು. ಈದರೂ ಅರ್ಧಕ್ಕಿಂತ ಹೆಚ್ಚು ಸಲ ಒಂದೇ ಮರಿ. ಅದೇ ಸೀಮೆಯ ಪಕ್ಕದಲ್ಲಿ, ಆಗ್ರಾ, ಮಥುರಾ, ಅಲಿಗಢ ಕಡೆ, ಬರ್ಬರಿ ಎಂಬ ಇನ್ನೊಂದು ತಳಿ ಇದೆ. ನಿಮಿರು ಕಿವಿಯ, ಗಿಡ್ಡ ಕಾಲಿನ, ಚುಕ್ಕೆ ಮೈಯ ಮೇಕೆ. ಪೇಟೆಯ ಓಣಿಯಲ್ಲಿ ಕಟ್ಟಿ ಹಾಕಿ ಸಾಕಬಹುದು. ಬೇಗ ಗಬ್ಬ ಕಟ್ಟುತ್ತದೆ, ಅವಳಿ ಮರಿ ಮಾಮೂಲು. ಮಾಂಸದ ಲೆಕ್ಕಕ್ಕೆ ಬರ್ಬರಿಯೇ ಲಾಭ. ಹೀಗಿರುವಾಗ ಬಡ ಕುಟುಂಬವೊಂದು ಜಮುನಾಪಾರಿ ಬಿಟ್ಟು ಬರ್ಬರಿಗೋ ಮಿಶ್ರ ತಳಿಗೋ ಹೊರಳಿದರೆ ತಪ್ಪು ಹೇಳುವುದು ಹೇಗೆ? ಅವರು ಲೆಕ್ಕ ಸರಿಯಾಗಿಯೇ ಹಾಕಿದ್ದಾರೆ.

ಜಾವಾದಲ್ಲಿ ನಡೆದದ್ದು ಇದಕ್ಕೆ ಉಲ್ಟಾ. ಅಲ್ಲಿ ಹಸುವಿನ ಹಾಲಿನ ದೊಡ್ಡ ಪರಂಪರೆ ಇರಲಿಲ್ಲ. ಮೇಕೆ ಹಾಲು ಆರೋಗ್ಯಕ್ಕೆ ಒಳ್ಳೆಯದು ಎಂದು ಕೊಳ್ಳುವವರು ಹುಟ್ಟಿಕೊಂಡರು. ಪುರ್ವೊರೆಜೊ ಜಿಲ್ಲೆಯ ಕಾಲಿಗೆಸಿಂಗ್ ಎಂಬ ಗುಡ್ಡಗಾಡಿನ ಸೀಮೆ ಎತಾವಾ ಮೇಕೆಗೇ ಹೆಸರಾಯಿತು. ಅಂದರೆ ಈ ಮೇಕೆಯ ರಕ್ತದಲ್ಲಿರುವ ಹಾಲಿನ ಗುಣಕ್ಕೆ ಕೊಳ್ಳುವವರು ಸಿಕ್ಕಿದ ಕಡೆ ಅದು ಬೆಳೆಯಿತು. ಸಿಗದ ಕಡೆ, ತವರೇ ಆದರೂ, ಸೊರಗಿತು.

ಮೇವಿನ ಜಾಗವೂ ಕುಗ್ಗಿದೆ. ಕೊರಕಲುಗಳನ್ನು ಸಮ ಮಾಡಿ ಹೊಲ ಮಾಡಿದ್ದಾರೆ. ಕೆಲವು ಕಡೆ ಅರಣ್ಯ ಬೆಳೆಸಲು ಬೇಲಿ ಬಿದ್ದಿದೆ. ದಿನವಿಡೀ ಹಿಂಡಿನ ಹಿಂದೆ ನಡೆಯಲು ಹೊಸ ತಲೆಮಾರಿಗೆ ಮನಸ್ಸಿಲ್ಲ. ಇವೆಲ್ಲ ದೇಶದ ಎಲ್ಲ ನಾಟಿ ತಳಿಗಳಿಗೂ ಇರುವ ಕಷ್ಟ. ಜಮುನಾಪಾರಿಗೆ ಇದರ ಮೇಲೆ ಇನ್ನೊಂದು ಪೆಟ್ಟು ಬಿದ್ದಿದೆ. ಅದರ ಅಂದವೇ ಅದಕ್ಕೆ ಮುಳುವಾಗಿದೆ.

ಹೋತಗಳ ಲೆಕ್ಕ

ಎತ್ತರದ, ಬೆಳ್ಳಗಿನ, ಉದ್ದ ಕಿವಿಯ ಹೋತಕ್ಕೆ ಬಕ್ರೀದ್ ಸಮಯದಲ್ಲಿ ಒಳ್ಳೆಯ ಬೆಲೆ ಬರುತ್ತದೆ. ದೇಶದ ಬೇರೆ ಬೇರೆ ಕಡೆಯಿಂದ ಫಾರಂ ಮಾಡುವವರೂ ಹುಡುಕಿಕೊಂಡು ಬರುತ್ತಾರೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್ 2021ರಿಂದ ದೊಡ್ಡ ಮೇಕೆ ಫಾರಂಗಳಿಗೆ ಅರ್ಧದಷ್ಟು ಬಂಡವಾಳ ಸಬ್ಸಿಡಿ ಕೊಡುತ್ತಿದೆ. 500 ಹೆಣ್ಣು, 25 ಹೋತದ ಘಟಕಕ್ಕೆ 50 ಲಕ್ಷ ರೂಪಾಯಿವರೆಗೂ ಸಿಗುತ್ತದೆ. ಯೋಜನೆಯ ಉದ್ದೇಶ ಒಳ್ಳೆಯದು. ಆದರೆ ಒಳ್ಳೆಯ ತಳಿಯ ಮೇಕೆಗಳಿಗೆ ಬೇಡಿಕೆ ಏರಿದಾಗ ತವರಿನ ಊರುಗಳಿಂದ ಮೊದಲು ಹೊರಡುವುದು ಯಾವುದು? ಎಲ್ಲಕ್ಕಿಂತ ಚೆನ್ನಾಗಿರುವುದು. ಕೊಳ್ಳುವವರು ಬಡಕಲು ಮೇಕೆ ಕೇಳುವುದಿಲ್ಲವಲ್ಲ. ಹೀಗೆ ಪ್ರತಿ ವರ್ಷ ಮೇಲಿನ ಕೆನೆ ತೆಗೆದರೆ ಊರಿನಲ್ಲಿ ಸಂತಾನ ಬೆಳೆಸಲು ಉಳಿಯುವುದು ಎರಡನೇ ದರ್ಜೆಯವು. ಚುರುಕಾಗಿ ಬೆಳೆಯುವ ಗಂಡು ಮರಿ ಬೇಗ ಮಾರಾಟವಾಗುತ್ತದೆ. ನಿಧಾನವಾಗಿ ಬೆಳೆಯುವುದೇ ಊರಿನ ಹೋತವಾಗಿ ಉಳಿದುಬಿಡುತ್ತದೆ. ಬೇಕೆಂದು ಯಾರೂ ಹೀಗೆ ಮಾಡುವುದಿಲ್ಲ. ಸಂತೆಯೇ ತಳಿಯನ್ನು ಹಿಂದಕ್ಕೆ ಎಳೆಯುತ್ತದೆ.

ಇಲ್ಲೊಂದು ಲೆಕ್ಕ ಇದೆ. ತಳಿ ಉಳಿಸುವ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಸ್ವಲ್ಪ ತಾಳ್ಮೆಯಿಂದ ಓದಿ.

ಒಂದು ಊರಿನಲ್ಲಿ 200 ಹೆಣ್ಣು ಮೇಕೆ ಇವೆ, 2 ಹೋತ ಇವೆ ಎಂದುಕೊಳ್ಳೋಣ. ನೋಡುವುದಕ್ಕೆ 202 ಪ್ರಾಣಿಗಳ ದೊಡ್ಡ ಹಿಂಡು. ಆದರೆ ಮುಂದಿನ ತಲೆಮಾರಿನ ಪ್ರತಿ ಮರಿಯ ಅಪ್ಪ ಆ ಇಬ್ಬರಲ್ಲಿ ಒಬ್ಬ. ಅಂದರೆ ಹುಟ್ಟುವ ಮರಿಗಳಲ್ಲಿ ಅರ್ಧಕ್ಕರ್ಧ ಅಪ್ಪನ ಕಡೆಯಿಂದ ಅಣ್ಣತಂಗಿಯರೇ. ಇಂಥ ಹಿಂಡಿನ ನಿಜವಾದ ಬಲ ಎಷ್ಟು ಎಂದು ಅಳೆಯಲು ತಳಿವಿಜ್ಞಾನಿಗಳು ಒಂದು ಸೂತ್ರ ಬಳಸುತ್ತಾರೆ. ಹೋತಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು 4ರಿಂದ ಗುಣಿಸಿ, ಬಂದದ್ದನ್ನು ಒಟ್ಟು ಸಂಖ್ಯೆಯಿಂದ ಭಾಗಿಸಿ. 200 ಹೆಣ್ಣು, 2 ಹೋತಕ್ಕೆ ಬರುವ ಉತ್ತರ ಸುಮಾರು 8. ತಳಿಗುಣದ ವೈವಿಧ್ಯ ಉಳಿಸಿಕೊಳ್ಳುವ ಮಟ್ಟಿಗೆ ಆ ಇಡೀ ಹಿಂಡು 8 ಪ್ರಾಣಿಗಳಿಗೆ ಸಮ.

ಈಗ ಹೆಣ್ಣುಗಳನ್ನು ಎರಡು ಪಟ್ಟು ಮಾಡಿ, 400 ಇಡಿ. ಹೋತ 2 ಮಾತ್ರ. ಉತ್ತರ ಮತ್ತೆ 8ರ ಹತ್ತಿರವೇ. ಕದಲುವುದೇ ಇಲ್ಲ. ಬದಲಿಗೆ ಹೆಣ್ಣು 200 ಇದ್ದು ಹೋತ 20 ಮಾಡಿ. ಉತ್ತರ 73ಕ್ಕೆ ಹಾರುತ್ತದೆ. ಹಾಗಾಗಿ ಒಂದು ತಳಿಯಲ್ಲಿ ಎಷ್ಟು ಮೇಕೆ ಇವೆ ಎಂಬುದಕ್ಕಿಂತ, ಒಂದಕ್ಕೊಂದು ಸಂಬಂಧವಿಲ್ಲದ ಬೀಜದ ಹೋತಗಳು ಎಷ್ಟಿವೆ ಎಂದು ಮೊದಲು ಕೇಳಬೇಕು.

ಸೂತ್ರದಿಂದ ಬರುವ ಈ ಉತ್ತರ 50ಕ್ಕಿಂತ ಕೆಳಗೆ ಹೋಗಬಾರದು ಎನ್ನುವುದು ತಳಿ ಸಂರಕ್ಷಣೆಯಲ್ಲಿ ಎಲ್ಲರೂ ಇಟ್ಟುಕೊಂಡಿರುವ ಅಳತೆ. 50 ಇದ್ದರೆ ಒಂದು ತಲೆಮಾರಿಗೆ ಒಳಸಂಬಂಧ, ಅಂದರೆ ರಕ್ತಸಂಬಂಧಿಗಳೇ ಕೂಡುವುದರ ಅಳತೆ, ಶೇ 1ರಷ್ಟು ಏರುತ್ತದೆ, ಅದನ್ನು ಹಿಂಡು ತಡೆದುಕೊಳ್ಳುತ್ತದೆ. 8 ಇದ್ದರೆ ತಲೆಮಾರಿಗೆ ಶೇ 6ಕ್ಕೂ ಜಾಸ್ತಿ. ಅಪ್ಪ-ಮಗಳು ಕೂಡಿದರೆ ಒಂದೇ ಸಲಕ್ಕೆ ಶೇ 25. ಹೋತವೊಂದು ಮೂರು ನಾಲ್ಕು ವರ್ಷ ಅದೇ ಹಿಂಡಿನಲ್ಲಿದ್ದರೆ ಇದು ತಾನಾಗೇ ಆಗುತ್ತದೆ. ಒಳಸಂಬಂಧ ಏರಿದಾಗ ಪಟ್ಟನೆ ಏನೂ ಕಾಣುವುದಿಲ್ಲ. ಮರಿಗಳು ಸ್ವಲ್ಪ ಸಣ್ಣ ಹುಟ್ಟುತ್ತವೆ. ಎಳೆಯದರಲ್ಲೇ ಸಾಯುವುದು ಜಾಸ್ತಿಯಾಗುತ್ತದೆ. ಗಬ್ಬ ನಿಲ್ಲುವುದು ತಡವಾಗುತ್ತದೆ, ಹಾಲು ಕಮ್ಮಿಯಾಗುತ್ತದೆ. ಆಗ ಸಾಕುವವರು 'ಈ ತಳಿ ಮೊದಲಿನ ಹಾಗಿಲ್ಲ' ಎಂದು ಬೇರೆ ಹೋತ ತರುತ್ತಾರೆ. ತಳಿ ಬೆರೆತು ಹೋಗುವುದು ಹೀಗೆ.

ಬೆರೆತದ್ದನ್ನು ಮತ್ತೆ ಶುದ್ಧ ಮಾಡಲು ಬರುತ್ತದಾ? ಸ್ವಲ್ಪ ಮಟ್ಟಿಗೆ ಬರುತ್ತದೆ. ಬೇರೆ ಹೆಣ್ಣಿಗೆ ಶುದ್ಧ ಹೋತ ಕೂಡಿಸಿದರೆ ಮರಿಯಲ್ಲಿ ಶೇ 50 ಜಮುನಾಪಾರಿ ರಕ್ತ. ಆ ಮರಿ ಬೆಳೆದ ಮೇಲೆ ಇನ್ನೊಂದು ಶುದ್ಧ ಹೋತಕ್ಕೆ ಕೊಟ್ಟರೆ ಶೇ 75. ಆಮೇಲೆ 87.5, ನಂತರ ಸುಮಾರು 94. ಜಮುನಾಪಾರಿಯ ಒಂದು ತಲೆಮಾರಿಗೆ ಎರಡು ವರ್ಷ ಹಿಡಿದರೂ ಇದು ಎಂಟು ವರ್ಷದ ಕೆಲಸ. ಪ್ರತಿ ಹಂತದಲ್ಲೂ ಹೊಸ ಶುದ್ಧ ಹೋತ ಬೇಕು. ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬಂದೆವು, ನೋಡಿ. ಹೋತ ಇಲ್ಲದೆ ಯಾವ ದಾರಿಯೂ ಇಲ್ಲ.

ಮಖ್ದೂಮ್‌ನಲ್ಲಿ ನಡೆದಿರುವ ಕೆಲಸ

ಮಥುರಾ ಜಿಲ್ಲೆಯ ಫರಾ ಹತ್ತಿರ ಮಖ್ದೂಮ್ ಎಂಬ ಊರಿದೆ. ಅಲ್ಲಿ 1979ರಲ್ಲಿ ಕೇಂದ್ರೀಯ ಮೇಕೆ ಸಂಶೋಧನಾ ಸಂಸ್ಥೆ ಶುರುವಾಯಿತು. ಅದು ಇರುವುದೂ ಯಮುನೆಯ ದಡದ ಕೊರಕಲು ಸೀಮೆಯಲ್ಲೇ. ಅಲ್ಲಿ ಜಮುನಾಪಾರಿಯ ಮೂಲ ಹಿಂಡೊಂದನ್ನು ದಶಕಗಳಿಂದ ದಾಖಲೆ ಸಮೇತ ಬೆಳೆಸಿಕೊಂಡು ಬಂದಿದ್ದಾರೆ. ಯಾವ ಮರಿ ಯಾವ ತಾಯಿಯದು, ಯಾವ ಹೋತದ್ದು, ತಾಯಿ ಎಷ್ಟು ಹಾಲು ಕೊಟ್ಟಿತು, ಮರಿ ಯಾವ ತಿಂಗಳಲ್ಲಿ ಎಷ್ಟು ತೂಗಿತು, ಎಲ್ಲವೂ ಬರಹದಲ್ಲಿರುತ್ತದೆ. ಹೋತ ಆರಿಸುವಾಗ ಅದರ ಮೈಕಟ್ಟಿನ ಜೊತೆ ತಾಯಿಯ ಹಾಲನ್ನೂ ನೋಡುತ್ತಾರೆ. ಇದು ಬಹಳ ಮುಖ್ಯ. ಹೋತ ಹಾಲು ಕೊಡುವುದಿಲ್ಲ, ಆದರೆ ಮಗಳ ಹಾಲಿನ ಅರ್ಧ ಗುಣ ಅದರಿಂದಲೇ ಬರುತ್ತದೆ. ಅದನ್ನು ತಿಳಿಯಲು ಅದರ ಅಮ್ಮ, ಅಕ್ಕತಂಗಿಯರ ದಾಖಲೆ ಬಿಟ್ಟರೆ ಬೇರೆ ದಾರಿ ಕಷ್ಟ. ಹೀಗೆ ಆರಿಸಿದ ಹೋತಗಳನ್ನು ರೈತರಿಗೂ ರಾಜ್ಯಗಳಿಗೂ ಕೊಡುತ್ತಾರೆ.

ಆದರೆ ಸಂಸ್ಥೆಯ ಹಿಂಡು ಎಷ್ಟೇ ಚೆನ್ನಾಗಿದ್ದರೂ ಅದು ಒಂದೇ ಹಿಂಡು. ಹೊತ್ತಿಗೆ ಸರಿಯಾಗಿ ಹಿಂಡಿ, ಔಷಧಿ, ಡಾಕ್ಟರು ಎಲ್ಲ ಇರುತ್ತದೆ. ಕೊರಕಲಿನಲ್ಲಿ ದಿನವಿಡೀ ನಡೆದು, ಬೇಸಿಗೆಯಲ್ಲಿ ಅರೆಹೊಟ್ಟೆಯಲ್ಲಿದ್ದೂ ಹಾಲು ಕೊಡುವ ಗುಣವನ್ನು ಅಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಹತ್ತಾರು ತಲೆಮಾರು ಸುಖದಲ್ಲಿ ಬೆಳೆದ ಹಿಂಡು ನಿಧಾನವಾಗಿ ಸುಖಕ್ಕೇ ಒಗ್ಗುತ್ತದೆ. ಅದಕ್ಕೇ ಊರಿನಲ್ಲಿ, ಸಾಕುವವರ ಕೈಯಲ್ಲಿ ತಳಿ ಉಳಿಯಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಸಂಸ್ಥೆಯ ಹಿಂಡು ಅದಕ್ಕೆ ಬೆಂಬಲ ಕೊಡಬಹುದು, ಅದರ ಜಾಗ ತುಂಬಲಾರದು.

ಊರಿನ ಹಿಂಡು, ಸಂಸ್ಥೆಯ ಹಿಂಡು ಬಿಟ್ಟರೆ ತಳಿ ಉಳಿಸುವ ಮೂರನೆಯ ದಾರಿ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವುದು. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ದೇಶದ ತಳಿಗಳನ್ನು ನೋಂದಾಯಿಸುತ್ತದೆ. ಅಲ್ಲಿನ ಜೀನ್ ಬ್ಯಾಂಕಿನಲ್ಲಿ ನಾಟಿ ತಳಿಗಳ ವೀರ್ಯವನ್ನು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ ಕಾಪಾಡುತ್ತಾರೆ. ಹಸುವಿನಷ್ಟು ಸುಲಭವಾಗಿ ಮೇಕೆಯಲ್ಲಿ ಇದು ನಡೆಯುವುದಿಲ್ಲ. ಹೋತದ ವೀರ್ಯದ್ರವದಲ್ಲಿ ಒಂದು ಕಿಣ್ವ ಇದೆ. ವೀರ್ಯ ಕಾಪಾಡಲು ಬೆರೆಸುವ ಮೊಟ್ಟೆಯ ಹಳದಿ, ಹಾಲಿನ ಜೊತೆ ಅದು ಸೇರಿದರೆ ವೀರ್ಯಾಣುಗಳಿಗೇ ಕುತ್ತು. ಹಾಗಾಗಿ ಆ ದ್ರವವನ್ನು ತೊಳೆದು ತೆಗೆಯುವುದೋ, ಹಳದಿಯನ್ನು ತೀರಾ ಕಮ್ಮಿ ಹಾಕುವುದೋ ಮಾಡಬೇಕು. ಹೆಣ್ಣು ಮೇಕೆಯ ಗರ್ಭಕೊರಳೂ ಬಿಗಿ, ನಳಿಕೆ ಒಳಗೆ ಹೋಗುವುದು ಕಷ್ಟ. ಹೀಗೆಲ್ಲ ಇದ್ದರೂ ಈ ಬ್ಯಾಂಕ್ ಬೇಕೇ ಬೇಕು. ಇವತ್ತು ಸಾಯುವ ಒಳ್ಳೆಯ ಹೋತದ ಸಂತಾನ ಇಪ್ಪತ್ತು ವರ್ಷ ಆದ ಮೇಲೂ ಬೇಕಾಗಬಹುದು.

ಒಂದೇ ಸೀಮೆಯಲ್ಲಿ ಕೂಡಿಕೊಂಡಿರುವ ತಳಿಗೆ ರೋಗದ ಅಪಾಯವೂ ಜಾಸ್ತಿ. ಪಿಪಿಆರ್ ಎಂಬ ಕುರಿ-ಮೇಕೆಗಳ ಪಿಡುಗು ಹೊಕ್ಕರೆ ಜ್ವರ, ಮೂಗಿನಲ್ಲಿ ಸಿಂಬಳ, ಬಾಯಿ ಹುಣ್ಣು, ಭೇದಿ ಶುರುವಾಗಿ ಹಿಂಡಿಗೆ ಹಿಂಡೇ ಮಲಗುತ್ತದೆ. ದೇಶದಲ್ಲಿ ಇದು ಮೊದಲು ಪತ್ತೆಯಾಗಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಈಗ ನಮ್ಮದೇ ಲಸಿಕೆ ಇದೆ. ಒಂದು ಸಲ ಸರಿಯಾಗಿ ಹಾಕಿಸಿದರೆ ವರ್ಷಗಟ್ಟಲೆ ರಕ್ಷಣೆ ಸಿಗುತ್ತದೆ. ಬೆಂಗಳೂರಿನ ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ದೇಶಾದ್ಯಂತ ಈ ರೋಗದ ಮೇಲೆ ಕಣ್ಣಿಟ್ಟಿದೆ. ಇದರ ಹತ್ತಿರದ ಸಂಬಂಧಿಯಾದ ದನಗಳ ದೊಡ್ಡರೋಗವನ್ನು 2011ರಲ್ಲಿ ಇಡೀ ಜಗತ್ತಿನಿಂದಲೇ ಅಳಿಸಲಾಯಿತು. ಪಿಪಿಆರ್ ಅನ್ನೂ 2030ರೊಳಗೆ ಅಳಿಸುವ ಗುರಿ ಇದೆ. ಅಪರೂಪದ ತಳಿ ಸಾಕುವವರ ಊರುಗಳಲ್ಲಿ ಹೊಸ ಮರಿಗಳಿಗೆ ಈ ಲಸಿಕೆ ಒಂದು ವರ್ಷವೂ ತಪ್ಪಬಾರದು. ಖರ್ಚು ಕಮ್ಮಿ, ಕಾಪಾಡುವುದು ಜಾಸ್ತಿ.

ನಮ್ಮ ಕಡೆ ತರುವವರಿಗೆ

ಕರ್ನಾಟಕದಲ್ಲಿ ಜಮುನಾಪಾರಿ ಎಂದು ಮಾರಾಟವಾಗುವ ಎಲ್ಲ ಮೇಕೆಗಳೂ ಜಮುನಾಪಾರಿ ಅಲ್ಲ. ಉದ್ದ ಕಿವಿ, ಉಬ್ಬು ಮೂಗು ಮಿಶ್ರ ತಳಿಯ ಮರಿಗಳಲ್ಲೂ ಎದ್ದು ಕಾಣುತ್ತವೆ. ಎರಡು ತಲೆಮಾರು ಬೆರೆತ ಮೇಕೆಯನ್ನು ಫೋಟೊ ನೋಡಿ ಶುದ್ಧ ಎಂದು ನಂಬುವುದು ಸುಲಭ. ಬನ್ನೂರು ಕುರಿಯ ವಿಷಯದಲ್ಲಿ ನಮಗೆ ಇದು ಗೊತ್ತಿರುವ ಸಂಗತಿಯೇ. ಬನ್ನೂರು ಹೆಸರಿನಲ್ಲಿ ಮಾಂಸ ಎಲ್ಲೆಡೆ ಮಾರುತ್ತಾರೆ, ಮಳವಳ್ಳಿ ಸುತ್ತ ಹೋಗಿ ಹುಡುಕಿದರೆ ಅಸಲಿ ಕುರಿ ಅಪರೂಪ. ಹಾಲಿಗಾಗಿ ಕೊಳ್ಳುವವರು ಕಿವಿ ಅಳೆಯುವ ಬದಲು ತಾಯಿ ಮೇಕೆಯನ್ನು ತಮ್ಮ ಮುಂದೆಯೇ ಎರಡು ಹೊತ್ತು ಕರೆಸಿ ನೋಡುವುದು ಒಳ್ಳೆಯದು.

ಎಲ್ಲಿಗೆ ತರುತ್ತೀರಿ ಎನ್ನುವುದೂ ಮುಖ್ಯ. ಚಕರನಗರದ್ದು ಕಮ್ಮಿ ಮಳೆಯ ಒಣ ನೆಲ. ಅಲ್ಲಿನ ಮೇಕೆ ತಲೆ ಎತ್ತಿ ಕೊಂಬೆ ಮೇಯ್ದು ಬದುಕಿದ್ದು. ಹೊಟ್ಟೆಯ ಜಂತುಹುಳುಗಳ ಮರಿಗಳು ಇರುವುದು ನೆಲಕ್ಕೆ ಹತ್ತಿರದ ಒದ್ದೆ ಹುಲ್ಲಿನಲ್ಲಿ. ಎತ್ತರದಲ್ಲಿ ಮೇಯುವ ಮೇಕೆ ಅವನ್ನು ಅಷ್ಟಾಗಿ ನುಂಗುವುದಿಲ್ಲ. ಅದೇ ಮೇಕೆಯನ್ನು ಮಲೆನಾಡಿಗೆ ತಂದು ಮಳೆಗಾಲದಲ್ಲಿ ಹಸಿ ಹುಲ್ಲಿಗೆ ಬಿಟ್ಟರೆ ರಕ್ತ ಹೀರುವ ಹುಳುಗಳು ತುಂಬಿಕೊಂಡು ರಕ್ತಹೀನತೆಯಿಂದ ಸಾಯುತ್ತದೆ. ಗೊರಸು ಕೊಳೆಯುವುದು, ಕೆಮ್ಮು ಬೇರೆ. ಜಾಲಿ, ಬಾರೆ ಇರುವ ಬಯಲುಸೀಮೆ ಅದಕ್ಕೆ ಎಷ್ಟೋ ವಾಸಿ. ಸದಾ ಕೂಡಿ ಹಾಕಿ ಸಾಕುವ ಪದ್ಧತಿಗಂತೂ ಇದು ಒಗ್ಗುವ ತಳಿ ಅಲ್ಲ ಎನ್ನುವುದು ನನ್ನ ಅಭಿಪ್ರಾಯ. ಹಾಲಿನ ಬಗ್ಗೆಯೂ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಮೇಕೆ ಹಾಲು ಹಗುರ ಎಂದು ಒಂದು ವರ್ಷದೊಳಗಿನ ಕೂಸಿಗೆ ತಾಯಿ ಹಾಲಿನ ಬದಲು ಕೊಡಬೇಡಿ. ಅದರಲ್ಲಿ ಫೋಲೇಟ್ ಎಂಬ ವಿಟಮಿನ್ ತೀರಾ ಕಮ್ಮಿ, ಮಗುವಿಗೆ ರಕ್ತಹೀನತೆ ಬರಬಹುದು. ಉಳಿದವರು ಕಾಯಿಸಿ ಕುಡಿಯಲು ಅಡ್ಡಿಯಿಲ್ಲ.

ನಮ್ಮಲ್ಲೇ ನಂದಿದುರ್ಗ ಮತ್ತು ಬೀದರಿ ಮೇಕೆಗಳು ಕರ್ನಾಲ್‌ನ ಬ್ಯೂರೋದಲ್ಲಿ ತಳಿಗಳಾಗಿ ನೋಂದಣಿಯಾಗಿವೆ. ನಂದಿದುರ್ಗ ಚಿಕ್ಕಬಳ್ಳಾಪುರ, ತುಮಕೂರು ಕಡೆಯದು, ಬೀದರಿ ಕಲ್ಯಾಣ ಕರ್ನಾಟಕದ್ದು. ಎರಡನ್ನೂ ಸಾಕುವುದು ಮುಖ್ಯವಾಗಿ ಮಾಂಸಕ್ಕೆ, ಹಾಗಾಗಿ ಜಮುನಾಪಾರಿಗೆ ಬಂದ ಬೆಲೆಯ ಕಷ್ಟ ಇವಕ್ಕೆ ಅಷ್ಟಿಲ್ಲ. ಹೋತದ ಕಷ್ಟ ಮಾತ್ರ ಅದೇ. ಹಬ್ಬದ ಸಂತೆಗೆ ಮೊದಲು ಹೊರಡುವುದು ಇಲ್ಲೂ ಒಳ್ಳೆಯ ಗಂಡು ಮರಿಯೇ. ಊರಿನ ಮೇಕೆ ಸಾಕುವವರು ಸೇರಿ ಸಂಘ ಮಾಡಿಕೊಂಡು, ಹತ್ತು ಗಂಡು ಮರಿ ಮಾರುವಾಗ ಎಲ್ಲಕ್ಕಿಂತ ಚೆನ್ನಾಗಿರುವ ಒಂದನ್ನು ಉಳಿಸಿಕೊಂಡು ಅದರ ಬೆಲೆಯನ್ನು ಎಲ್ಲರೂ ಹಂಚಿಕೊಳ್ಳಬಹುದು. ಪಶುಪಾಲನಾ ಇಲಾಖೆಯ ನೆರವು ಸಿಕ್ಕರೆ ಇನ್ನೂ ಒಳ್ಳೆಯದು. ಆ ಹೋತ ಒಂದೂವರೆ ಎರಡು ವರ್ಷ ಊರಿನಲ್ಲಿ ಕೆಲಸ ಮಾಡಲಿ. ಅದರ ಹೆಣ್ಣು ಮರಿಗಳು ಬೆದೆಗೆ ಬರುವ ಮೊದಲೇ ಪಕ್ಕದ ಊರಿನ ಹೋತದ ಜೊತೆ ಅದಲು ಬದಲು ಮಾಡಿಕೊಳ್ಳಬೇಕು. ಹಿಂದಿನ ಹೋತ ಯಾವ ಊರಿಂದ ಬಂತು, ಯಾವಾಗ ಹೋಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅದೇ ರಕ್ತ ಸುತ್ತಿ ಮತ್ತೆ ಅದೇ ಹಿಂಡಿಗೆ ಬರುವುದು ತಪ್ಪುತ್ತದೆ. ಚಕರನಗರಕ್ಕೂ ಇದೇ ವಿಧಾನ ಹೊಂದುತ್ತದೆ. ಮಖ್ದೂಮ್‌ನಿಂದ ದಾಖಲೆಯಿರುವ ಹೋತಗಳು ಅಲ್ಲಿನ ಊರುಗಳ ಈ ಸುತ್ತಿಗೆ ನಿಯಮಿತವಾಗಿ ಸೇರುತ್ತಿರಬೇಕು, ಮತ್ತು ಅವುಗಳ ಮಗಳಂದಿರ ಹಾಲನ್ನು ಲೀಟರ್ ಲೆಕ್ಕದಲ್ಲಿ ಕೊಳ್ಳುವ ಒಂದು ಡೇರಿ ಅಲ್ಲೇ ಹತ್ತಿರದಲ್ಲಿ ಇರಬೇಕು.